ಬಾರ್ಲಿ ಮೊಳಕೆಯ ಸಿಹಿನೀರು

ಯೊಸು
೧೯ ಮಾರ್ಚ್ ೧೯೮೬

ಮುದ್ದು ಹ್ಯೆಸುಕ್‌ಗೆ,

ಹೇಗಿದ್ದೀಯ? ಮಗು ಹೇಗಿದೆ? ನಿನ್ನ ಕಾಗದ ಬಂದು ಎಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ, ಕಾರಣ ಹೇಳುತ್ತೇನೆ.

ಹೆರಿಗೆಯಾದ ಹತ್ತೇ ದಿನಕ್ಕೆ ಹಾಲು ಇಳಿದುಹೋಯಿತು ಎಂದು ನೀನು ಬರೆದಿದ್ದೆ. ಮೊದಲು ಮಗುವಿನ ಬಾಯಿ ನೋಡು. ತೊಟ್ಟಷ್ಟೇ ಕಚ್ಚಿದರೆ ಹಾಲು ಬಾರದು, ತೊಟ್ಟೂ ಒಡೆಯುತ್ತದೆ. ಬಾಯಿ ಅಗಲವಾಗಿ ತೆರೆದಾಗ ಎದೆಗೆ ಸೇರಿಸಿಕೋ. ತೊಟ್ಟಿನ ಸುತ್ತಲ ಕಪ್ಪುಭಾಗವೂ ಒಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು. ನೋವಾದರೆ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸು. ಗಡಿಯಾರ ನೋಡಬೇಡ, ಕೇಳಿದಾಗಲೆಲ್ಲ ಕುಡಿಸು. ಕುಡಿದಷ್ಟೂ ಊರುತ್ತದೆ. ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾದರೆ ಹಾಲು ಸಾಲುತ್ತಿದೆ ಎಂದೇ ತಿಳಿ.

ಆದರೆ ಅತ್ತೆ ದಿನಾ ಎರಡು ಬಟ್ಟಲು ಬಾರ್ಲಿ ಮೊಳಕೆಯ ಸಿಹಿನೀರು ಕೊಡುತ್ತಾರೆ ಎಂದು ಕೊನೆಯಲ್ಲಿ ಬರೆದಿದ್ದೆಯಲ್ಲ, ಅದನ್ನು ಎರಡೆರಡು ಸಲ ಓದಿದೆ. ಅದು ಹಾಲು ಬತ್ತಿಸುತ್ತದೆಂದು ಹೆತ್ತವರಿಗೆಲ್ಲ ಗೊತ್ತು. ಬಾಣಂತಿಗೆ ಕೊಡಬೇಕಾದದ್ದು ಕಡಲಪಾಚಿಯ ಸಾರು. ಮೂರು ಹೆತ್ತ ನಿಮ್ಮತ್ತೆಗೆ ತಿಳಿಯದೇ? ಮದುವೆಯ ಮಾತುಕತೆಯಲ್ಲೇ ಅವರ ನಗು ನನಗೆ ಹಿಡಿಸಿರಲಿಲ್ಲ. ಹೆಣ್ಣು ಹುಟ್ಟಿತೆಂದು, ಹಾಲು ನಿಂತು ಬೇಗ ಇನ್ನೊಂದು ಬಸಿರಾಗಲೆಂದು ಹೀಗೆ ಮಾಡುತ್ತಿದ್ದಾರೆ ಎಂದೇ ಎಣಿಸಿದೆ.

ಮೊನ್ನೆ ಯಾರಿಗೂ ಹೇಳದೆ ಬಸ್ಸು ಹತ್ತಿ ಜೊಂಜುವಿಗೆ, ನಿಮ್ಮ ಮನೆಗೆ ಬಂದಿದ್ದೆ. ನೀನು ಮಗುವಿನ ಪಕ್ಕ ನಿದ್ದೆಹೋಗಿದ್ದೆ. ನೇರ ಅಡುಗೆಮನೆಗೆ ಹೋಗಿ, ಒಲೆಯ ಮೇಲಿನ ಪಾತ್ರೆ ಯಾರಿಗೆ ಎಂದು ಕೇಳಿದೆ. ಜಗಳಕ್ಕೇ ಹೋಗಿದ್ದೆ. ನಿಮ್ಮತ್ತೆ ಸೌಟು ಕೆಳಗಿಟ್ಟರು.

"ನಾನಾಗೇ ಕೊಡ್ಲಿಲ್ಲ ಬೀಗರೇ, ನಿಮ್ ಮಗಳೇ ಮಾಡ್ಕೊಡಿ ಅಂದ್ಲು. ಬೇಡ ಕಣೆ ಅಂತ ಎರಡು ದಿನ ತಳ್ದೆ, ಅತ್ಬಿಟ್ಲು. ಮುಂದಿನ ತಿಂಗಳು ಕೆಲಸಕ್ಕೆ ಹೋಗ್ಬೇಕು, ಮಗು ನನ್ನೆದೆಗೆ ಒಗ್ಗಿಬಿಟ್ರೆ ದಿನಾ ಕಾಯ್ತಾ ಕೂರತ್ತೆ, ಕಾಯೋದು ಅಂದ್ರೆ ಏನೂಂತ ನಂಗೊತ್ತು ಅಂದ್ಲು."

ನಂಬಲಿಲ್ಲ. ನಿನ್ನನ್ನು ಎಬ್ಬಿಸಿ ಕೇಳಬಹುದಿತ್ತು, ಧೈರ್ಯ ಬರಲಿಲ್ಲ. ಆಕೆ ಹೇಳಿದ್ದು ಸುಳ್ಳಾಗಿರಲಿ ಎಂದುಕೊಳ್ಳುತ್ತಲೇ ಮರಳಿ ಬಸ್ಸು ಹತ್ತಿದೆ. ಮನೆಗೆ ಬಂದು ನಿನ್ನ ಕಾಗದ ಮತ್ತೆ ಓದಿದೆ. ಅತ್ತೆ ಕೊಡುತ್ತಾರೆ ಎಂದಿದೆ. "ನಾನು ಬೇಡವೆಂದೆ" ಎಂದು ನೀನು ಎಲ್ಲೂ ಬರೆದಿಲ್ಲ.

ಹಾಲು ನಿಲ್ಲಿಸುವುದೇ ಆದರೆ ಮೆಲ್ಲಮೆಲ್ಲಗೆ ನಿಲ್ಲಿಸು. ಎದೆ ಬಿಗಿದು ಕಟ್ಟಬೇಡ, ಗಟ್ಟಿಯಾದರೆ ಸ್ವಲ್ಪ ಹಿಂಡಿ ತೆಗೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸು. ಡಬ್ಬಿ ಹಾಲಿನಲ್ಲೂ ಮಕ್ಕಳು ಬೆಳೆಯುತ್ತವೆ. ಮನಸ್ಸಿದ್ದರೆ ಹೊರಡುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಕುಡಿಸು. ಅಷ್ಟಕ್ಕೂ ಹಾಲು ಉಳಿಯುತ್ತದೆ.

ತಾಯಿ ಮಗು ಇಬ್ಬರೂ ತಣ್ಣಗಿರಿ. ಕೂಸಿನ ಪಾದ ಬೆಚ್ಚಗಿರಲಿ.

ನಿನ್ನ ಅಮ್ಮ
ಬೊಕ್‌ಸಿಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು. ನಿನಗೆ ನಲವತ್ತು ದಿನವಾದಾಗ ನಿನ್ನನ್ನು ಅಜ್ಜಿಯ ಬಳಿ ಬಿಟ್ಟು ನಾನು ಬೂಸಾನ್‌ನ ಚಪ್ಪಲಿ ಕಾರ್ಖಾನೆಗೆ ಹೋದೆ. ಅದಕ್ಕೂ ಮುನ್ನ ವಾರವಿಡೀ ಆ ಸಿಹಿನೀರು ಕುಡಿದೆ. ಯಾರೂ ಬಲವಂತ ಮಾಡಿರಲಿಲ್ಲ. ಮೂರು ವರ್ಷದ ಮೇಲೆ ಬಂದಾಗ ನೀನು ಅಜ್ಜಿಯ ಮನೆಯ ಹೊಸ್ತಿಲಲ್ಲಿ ಕೂತಿದ್ದೆ. ನನ್ನನ್ನು ನೋಡಿ, "ಸ್ವಲ್ಪ ಸರ್ಕೊಳಿ ಚಿಕ್ಕಮ್ಮಾ, ನಮ್ಮಮ್ಮ ಬರೋ ದಾರಿ ಕಾಣ್ತಿಲ್ಲ" ಎಂದೆ. ನಾನು ಸರಿದು ನಿಂತೆ.