ಗೋಡೆಯ ಮೇಲಿನ ಕುಮಾರಜ್ಜ

ದಾವಣಗೆರೆ, ೨೩೪೯ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಗಂಟಲಿನ ಚಿತ್ರ ಬೇಡವೆಂದ ತಮ್ಮನಿಗೆ,

ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ‘ಬೇಗೆ’ ಎಂಬ ಇನ್ನೊಂದು ತಿಂಗಳನ್ನು ಸೇರಿಸಿಕೊಂಡರು. ನನ್ನ ಮಾತುಗಳೂ ನಿನಗೆ ವಿಚಿತ್ರವೆನಿಸಬಹುದು, ಕ್ಷಮೆಯಿರಲಿ. ಲೆಕ್ಕಕ್ಕೆ ನೀನು ನನ್ನ ಮುತ್ತಜ್ಜನಿಗೂ ಮುತ್ತಜ್ಜ. ಆದರೆ ನಿನಗೆ ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ, ಹಾಗಾಗಿ ತಮ್ಮಾ ಎಂದೇ ಕರೆಯುತ್ತೇನೆ. ನನ್ನ ಹೆಸರು ಹಾಲಮ್ಮ. ಊರಿನ ಮುಖಗೋಡೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಅಂಗೈಯಗಲದ ಚಿತ್ರವೊಂದನ್ನು ಮನೆಯವರು ಈ ಗೋಡೆಗೆ ತಂದು ಅಂಟಿಸುತ್ತಾರೆ. ಬೇಗೆಯ ತಿಂಗಳಲ್ಲಿ ಹಗಲು ಯಾರೂ ಬಿಸಿಲಿಗೆ ಹೋಗುವುದಿಲ್ಲ. ಬೀದಿಗಳ ಮೇಲೆ ಬಟ್ಟೆಯ ಚಪ್ಪರ ಎಳೆದು, ಮನೆಮಂದಿಯೆಲ್ಲ ಆ ನೆರಳಿನಲ್ಲಿ ನಡೆದು ಬಂದು, ತಮ್ಮವರನ್ನು ಹೆಸರು ಹಿಡಿದು ಕರೆದು ಹೂವಿಡುತ್ತಾರೆ. ಆಮೇಲೆ ಬೆಣ್ಣೆದೋಸೆ. ದೋಸೆ ಇನ್ನೂ ಉಳಿದಿದೆ ತಮ್ಮಾ, ಬೆಣ್ಣೆ ಮಾತ್ರ ಹಸುವಿನದಲ್ಲ. ಗೋಡೆಯ ಕೊನೆಯಲ್ಲಿ ಹೆಸರಿಲ್ಲದವರ ಸಾಲೊಂದಿದೆ. ಬಹಳ ಹಿಂದೆ ನಿಮ್ಮ ಕಾಲದ ತಿಪ್ಪೆ ಅಗೆದಾಗ ರಟ್ಟಿನ ಪುಟ್ಟ ಪುಟ್ಟ ಚಿತ್ರಗಳು ರಾಶಿ ರಾಶಿ ಸಿಕ್ಕವಂತೆ. ಕೊಳೆತ ಬಾಯಿ, ಬಿರಿದ ಗಂಟಲು, ಅದರ ಮೇಲೊಂದು ದಣಿದ ಮುಖ. ಯಾವುದೋ ಮಹಾಮಾರಿಯಲ್ಲಿ ಸತ್ತವರನ್ನು ಆ ಜನ ಹೀಗೆ ನೆನೆದಿದ್ದಾರೆ, ಕಾಯಿಲೆಯನ್ನೂ ಮುಚ್ಚಿಟ್ಟಿಲ್ಲ, ಎಷ್ಟು ದೊಡ್ಡ ಮನಸ್ಸು ಎಂದು ನಮ್ಮ ಹಿರಿಯರು ಕಣ್ಣೊರೆಸಿಕೊಂಡು ಅವನ್ನೆಲ್ಲ ಗೋಡೆಗೆ ಹಚ್ಚಿದರು.

ನನ್ನ ಅಣ್ಣನ ಮಗಳು ಸೇವಂತಿ ಚಿಕ್ಕವಳಿದ್ದಾಗ ಅವರಲ್ಲೊಬ್ಬರಿಗೆ ತಾನೇ ಹೆಸರಿಟ್ಟಳು, ಕುಮಾರಜ್ಜ ಎಂದು. ಬೋಳುತಲೆ, ಕತ್ತಿನಲ್ಲಿ ಗಾಯ, ಕಣ್ಣು ಮಾತ್ರ ಏನನ್ನೋ ಕೇಳುವ ಹಾಗೆ. ಪ್ರತಿ ವರ್ಷ ಅವಳ ಮೊದಲ ಹೂವು ಅವರಿಗೇ.

ಈಗ ಅವಳಿಗೆ ಹದಿನೈದು. ಅವಳ ಓರಗೆಯವರಿಗೆ ಹೊಗೆಮಣಿಯ ಹುಚ್ಚು ಹಿಡಿದಿದೆ. ದವಡೆಯಲ್ಲಿಟ್ಟು ಉಸಿರೆಳೆದರೆ ಬಾಯಿಂದ ಬಣ್ಣದ ಹೊಗೆ ಬರುತ್ತದೆ, ಒಳಗೆ ಶ್ವಾಸಕೋಶ ಕಲ್ಲಾಗುತ್ತದೆ. ಸೇವಂತಿ ಈಗ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಕೂತು ಸುಧಾರಿಸಿಕೊಳ್ಳುತ್ತಾಳೆ. ಈ ವರ್ಷವೇ ಮಣಿ ಬಿಟ್ಟರೆ ಉಳಿದಾಳು ಎಂದಿದ್ದಾರೆ ವೈದ್ಯರು. ಮಣಿಯ ಡಬ್ಬಿಗಳ ಮೇಲೆ ಮಕ್ಕಳು ಬೆಚ್ಚಿಬೀಳುವಂಥ ಚಿತ್ರ ಹಾಕಬೇಕೆಂದು ಊರಸಭೆ ತೀರ್ಮಾನಿಸಿತು, ನಿನ್ನ ಗೋಡೆಯಿಂದ ಒಂದು ಮುಖ ಕೊಡು ಎಂದು ನನ್ನನ್ನು ಕೇಳಿತು. ಸತ್ತವರನ್ನು ಹೆಸರು ಕೇಳದೆ ಕಳಿಸುವುದು ಹೇಗೆ? ಹೆಸರು ಹುಡುಕಿಕೊಂಡು ಹಳೆಯ ಚಲನಚಿತ್ರಗಳನ್ನು ಕಾಪಿಟ್ಟ ನೆಲಮಾಳಿಗೆಗೆ ಹೋದೆ. ಅಲ್ಲಿ ಒಂದು ತುಣುಕಿನಲ್ಲಿ ನೀನು ಸಿಕ್ಕಿದೆ.

ನಿನ್ನ ಗೆಳೆಯ ಫೋನಿನಲ್ಲಿ ಹಿಡಿದದ್ದಿರಬೇಕು. ಕಾಲೇಜಿನೆದುರು ಗೂಡಂಗಡಿ. ಅಂಗಡಿಯವನ ಕೈಯಲ್ಲಿ ನಮ್ಮ ಕುಮಾರಜ್ಜ! ಅವರ ಮುಖವನ್ನು ತೆರೆದು ಒಳಗಿಂದ ಬಿಳಿ ಕಡ್ಡಿಯೊಂದನ್ನು ಅರ್ಧ ಎಳೆದು, ಅವರನ್ನೇ ನಿನ್ನತ್ತ ಚಾಚಿದ. ನೀನು ಹೇಳಿದೆ, “ಅಣ್ಣಾ, ಗಂಟ್ಲಿಂದು ಬ್ಯಾಡ, ಬ್ಯಾರೆ ಚಿತ್ರದ್ ಕೊಡು.” ಅವನೆಂದ, “ಎಲ್ಲಾ ಅದೇ ಬಂದಾವಪ್ಪಾ. ಉಲ್ಟಾ ಇಟ್ಕೋ, ಕಾಣಂಗಿಲ್ಲ.” ಎಲ್ಲರೂ ನಕ್ಕಿರಿ. ತಲೆಮಾರುಗಳಿಂದ ನಾವು ಹೂವಿಟ್ಟದ್ದು ಪೊಟ್ಟಣಕ್ಕೆ. ಕೊಲ್ಲುವ ವಸ್ತುವನ್ನು, ಅದು ಕೊಂದವನ ಮುಖದಲ್ಲೇ ಸುತ್ತಿ ಮಾರುತ್ತಿದ್ದರು. ಅದಕ್ಕೂ ಹೆಚ್ಚಾಗಿ ನನ್ನನ್ನು ನಡುಗಿಸಿದ್ದು ನಿಮ್ಮ ನಗು. ಅದರಲ್ಲಿ ಕೇಡು ಇರಲಿಲ್ಲ, ಸುಮ್ಮನೆ ಅಭ್ಯಾಸವಾಗಿತ್ತು.

ಸೇವಂತಿಯನ್ನು ಕರೆದು ತೋರಿಸಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಭುಜ ಕುಣಿಸಿ, “ಅತ್ತೆ, ನಾವೂ ಡಬ್ಬಿಗೆ ಚೀಲ ಹೊಲ್ಕಂಡೇವಿ, ಚಿತ್ರ ಕಾಣಬಾರ್ದು ಅಂತ” ಎಂದಳು. ಊರಸಭೆ ಇನ್ನೂ ಚಿತ್ರವನ್ನೇ ಆರಿಸಿಲ್ಲ, ಇವರು ಆಗಲೇ ಚೀಲ ಹೊಲಿದಿದ್ದಾರೆ! ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಅಂಗಡಿಯವನ ಕೈಯನ್ನು ಹತ್ತಿರದಿಂದ ನೋಡಿದಳು. “ಇವ್ರು ಕುಮಾರಜ್ಜ ಅಲ್ಲೇನು?” ಎಂದಳು. ಆಮೇಲೆ, “ಅಜ್ಜನ್ನ ಯಾಕ್ ಉಲ್ಟಾ ಇಟ್ರು?” ಎಂದು ಅತ್ತಳು.

ಆ ದಿನ ಅವರ ಚಿತ್ರವನ್ನು ತಾನೇ ಡಬ್ಬಿಗೆ ಅಂಟಿಸಿಕೊಂಡಳು, ಕೆಳಗೆ ಕುಮಾರಜ್ಜ ಎಂದು ಬರೆದಳು. ಚೀಲ ಹಾಕಲಿಲ್ಲ. ಮೊನ್ನೆ ಡಬ್ಬಿ ಕೈಗೆತ್ತಿಕೊಂಡು ಹೆಸರು ಓದಿ ಹಾಗೆಯೇ ಕೆಳಗಿಟ್ಟಳು. ನಿನ್ನೆಯೂ ಅಷ್ಟೇ. ಇವತ್ತು ಬೆಳಿಗ್ಗೆ, “ಹೆಸರು ನಾನೇ ಇಟ್ಟದ್ದಲ್ಲೇನತ್ತೆ” ಎಂದು ಡಬ್ಬಿ ತೆರೆದಳು.

ಆದ್ದರಿಂದ ಕೇಳುತ್ತಿದ್ದೇನೆ ತಮ್ಮಾ. ನೀನು ಬಿಡುತ್ತೀಯೋ ಇಲ್ಲವೋ, ಇಷ್ಟು ದೂರದಿಂದ ನಿನ್ನ ಕೈ ಹಿಡಿಯಲು ನನಗಾಗದು. ಆ ಪೊಟ್ಟಣವನ್ನು ಒಮ್ಮೆ ಮಗುಚಿ ನೋಡು. ಆತ ಯಾವ ಊರಿನವನು, ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಚಿತ್ರ ತೆಗೆಯುವ ಮುಂಚೆ ಯಾರಾದರೂ ಅವನನ್ನು ಕೇಳಿದರೇ, ವಿಚಾರಿಸು. ಗೊತ್ತಾದದ್ದನ್ನು ಕಲ್ಲಿನ ಮೇಲೆ ಕೆತ್ತಿ ಹೂತಿಡು, ನಾವು ಅಗೆದು ತೆಗೆಯುತ್ತೇವೆ. ಅವನ ನಿಜವಾದ ಹೆಸರು ನನಗೆ ಬೇಕು. ಸುಳ್ಳು ಹೆಸರು ನನ್ನ ಹುಡುಗಿಯನ್ನು ಎರಡು ದಿನ ಉಳಿಸಿತು.

ನಿನ್ನ ದಾರಿ ಕಾಯುವ ಅಕ್ಕ,
ಹಾಲಮ್ಮ