ಒಂದಕ್ಷರ ತಪ್ಪಿದರೆ ಮನುಷ್ಯ ಸಿಗಬಾರದೇ?

ಕಾಣೆಯಾದವರನ್ನು ಹುಡುಕಿಕೊಡುವ ಜಾಲತಾಣದ ಉಸ್ತುವಾರಿ ಹೊತ್ತ ಮಾನ್ಯರೇ,

ಹೆಸರು ಬರೆಯುವಾಗ ಜನ ತಪ್ಪು ಮಾಡುತ್ತಾರೆ ಎಂಬ ಸುದ್ದಿ ನಿಮ್ಮ ಕಚೇರಿಗೆ ಇನ್ನೂ ಮುಟ್ಟಿದಂತಿಲ್ಲ. ನಿಮ್ಮ ತಾಣದ ಹುಡುಕು ಪೆಟ್ಟಿಗೆಗೆ ಒಂದಕ್ಷರ ಆಚೀಚೆಯಾದರೂ ಸಹನೆಯಿಲ್ಲ. ಆ ಒಂದಕ್ಷರದ ದೆಸೆಯಿಂದ ಎಪ್ಪತ್ತಾರು ವರ್ಷದ ಹಿರಿಯರೊಬ್ಬರು ಮನೆಯಿಂದ ಒಂದು ಗಂಟೆಯ ಬಸ್ ದಾರಿಯಲ್ಲಿ ಒಂಬತ್ತು ದಿನ ‘ಕಾಣೆ’ಯಾಗಿದ್ದರು. ನಿಮ್ಮ ಪಟ್ಟಿಯಲ್ಲಿ ಮಾತ್ರ ಮೊದಲ ದಿನದಿಂದಲೂ ಆರಾಮವಾಗಿ ಕೂತಿದ್ದರು.

ನಾನು ಜಯನಗರದ ಗ್ರಂಥಾಲಯವೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಈಗ ಅರೆಕೆರೆಯಲ್ಲಿ ಚಿಕ್ಕಬೈರಪ್ಪನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಅವರಿಗೆ ಎರಡು ವರ್ಷದಿಂದ ಮರೆವು. ಕಳೆದ ತಿಂಗಳು ಒಂದು ಬೆಳಿಗ್ಗೆ, “ಹೊಸಕೆರೆಹಳ್ಳಿ ತಂಗಿ ಮನೇಗೆ ಹೋಗ್ಬತ್ತೀನಿ” ಎಂದು ಕೂಗಿ ಗೇಟು ದಾಟಿದರು. ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಅಕ್ಕಯಮ್ಮ ಎದ್ದು ಹೊರಬರುವಷ್ಟರಲ್ಲಿ ಬಸ್ ಹತ್ತಿಯಾಗಿತ್ತು. ತಂಗಿ ಮನೆ ಅವರಿಗೆ ಸಿಗಲಿಲ್ಲ.

ಠಾಣೆಯಲ್ಲಿ ದೂರು ಕೊಟ್ಟೆವು. ಆಶ್ರಯ ಮನೆಗಳಲ್ಲಿರುವವರ ವಿವರವೆಲ್ಲ ನಿಮ್ಮ ತಾಣದಲ್ಲಿದೆ, ಅಲ್ಲೂ ನೋಡಿ ಎಂದರು. ‘ಚಿಕ್ಕಬೈರಪ್ಪ, ಅರೆಕೆರೆ’ ಎಂದು ಒತ್ತಿದೆ. ‘ಯಾವುದೇ ದಾಖಲೆ ಕಂಡುಬಂದಿಲ್ಲ.’ ‘ಭೈರಪ್ಪ’ ಎಂದೆ. ಇಲ್ಲ. ಪದಗಳನ್ನು ಒಡೆದು ‘ಯಾವುದಾದರೂ ಪದ’ ಎಂಬ ಗುಂಡಿ ಒತ್ತಿದೆ. ನಿಮ್ಮ ಔದಾರ್ಯ ಉಕ್ಕಿ ಹರಿಯಿತು: ಮೂರು ಸಾವಿರದ ಎಂಟುನೂರು ಜನ! ಮೊದಲನೆಯವರಿಗೆ ‘ಚಿಕ್ಕ’ ಗಡ್ಡ; ಅದೇ ದಾಖಲೆಯಲ್ಲಿ ಹತ್ತು ಸಾಲು ಕೆಳಗೆ, ಅವರು ಸಿಕ್ಕಿದ್ದು ‘ಕೆರೆ’ ದಂಡೆಯಲ್ಲಿ. ಎರಡು ಪದ ಒಂದೇ ಪುಟದಲ್ಲಿದ್ದ ಮಾತ್ರಕ್ಕೆ ನೆಂಟರಾಗಿಬಿಡುತ್ತವೆಯೇ ಸ್ವಾಮಿ? ಫೋಟೋ ನೋಡಿ ಗುರುತಿಸೋಣವೆಂದರೆ ಬಹುತೇಕರ ಮುಖದ ಜಾಗದಲ್ಲಿ ಒಂದೇ ಬೂದು ಬಣ್ಣದ ಬೊಂಬೆ.

ಸಹಾಯವಾಣಿಗೆ ಫೋನ್ ಮಾಡಿದೆ.

“ಮೇಡಂ, ಸ್ಪೆಲ್ಲಿಂಗ್ ಕರೆಕ್ಟಾಗಿ ಹಾಕಿ.”

“ಕರೆಕ್ಟಾಗೇ ಹಾಕಿದೀನಪ್ಪ.”

“ಹಾಗಲ್ಲ ಮೇಡಂ. ಅಲ್ಲಿ ಎಂಟ್ರಿ ಮಾಡಿದೋರು ಹೆಂಗೆ ಹಾಕಿದಾರೋ ಹಂಗೇ ಹಾಕ್ಬೇಕು.”

“ಅವರು ಹೇಗೆ ಹಾಕಿದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಸರ್ಚ್ ಮಾಡಿದ್ರೆ ಗೊತ್ತಾಗತ್ತೆ ಮೇಡಂ.”

ಈ ಉತ್ತರವನ್ನು ಬರೆದಿಟ್ಟುಕೊಂಡಿದ್ದೇನೆ. ತರ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಬೇಕಾದೀತು.

ಒಂಬತ್ತನೆಯ ದಿನ ಸಂಜೆ ಅಕ್ಕಯಮ್ಮ ಮೆಟ್ಟಿಲು ಹತ್ತಿ ಬಂದರು. ಊಟ ಬಿಟ್ಟು ಅರ್ಧವಾಗಿದ್ದರು. “ನಮ್ಮೆಜಮಾನ್ರು ಹಲ್ಸೆಟ್ಟು ಇಲ್ಲೇ ಬಿಟ್ಟೋಗವ್ರೆ ಕಣಮ್ಮ. ಏನ್ ತಿಂತಾವ್ರೋ” ಎಂದು ಅತ್ತರು. ನನಗೆ ತಟ್ಟನೆ ಹೊಳೆಯಿತು. “ಹಲ್ಲಿಲ್ಲದಾಗ ಅವರು ತಮ್ಮ ಹೆಸರು ಹೇಗೆ ಹೇಳ್ತಾರೆ ಅಕ್ಕಯಮ್ಮ?” ಎಂದೆ. ಆಕೆ ಕಣ್ಣೊರೆಸಿಕೊಂಡು, ತುಟಿ ಒಳಕ್ಕೆಳೆದುಕೊಂಡು, ಗಂಡನಂತೆಯೇ ಗತ್ತಿನಿಂದ ನುಡಿದರು: “ಚಿಕ್ಕಬೈಲಪ್ಪ!” ಆ ದುಃಖದಲ್ಲೂ ಇಬ್ಬರಿಗೂ ನಗು ಬಂತು. ಹಾಗೇ ಒತ್ತಿದೆ. ‘ಚಿಕ್ಕಬೈಲಪ್ಪ, ಹಳೆಕೆರೆ, ಗಂಡು, ವೃದ್ಧ. ಬನಶಂಕರಿ ಕಡೆಯ ಆಶ್ರಯ ಮನೆ.’ ಅಕ್ಕಯಮ್ಮ ನನ್ನ ತೋಳು ಹಿಡಿದುಕೊಂಡರು. ಬೆರಳಿನ ಗುರುತು ಎರಡು ದಿನ ಇತ್ತು.

ಬೆಳಗಾಗುತ್ತಲೇ ಆಟೋ ಹಿಡಿದೆವು. ಚಿಕ್ಕಬೈರಪ್ಪನವರು ಅಂಗಳದಲ್ಲಿ ಚೌಕಾಬಾರ ಆಡಿಸುತ್ತ ಕೂತಿದ್ದರು. ಹೆಂಡತಿಯನ್ನು ನೋಡಿ, “ಇಷ್ಟೊತ್ತೇನೇ ಬರಾಕೆ?” ಎಂದು ಗದರಿದರು. ಆಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಹಳೆಕೆರೆ ಎಂದು ಬರೆದುಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಿಸಿದ್ದನ್ನು ಬರೆದರು, ಊಟ ಹಾಕಿದರು. ತಪ್ಪನ್ನು ತಾಳಿಕೊಳ್ಳಬೇಕಾಗಿದ್ದದ್ದು ನಿಮ್ಮ ಯಂತ್ರ. ಗ್ರಂಥಾಲಯಕ್ಕೆ ಬಂದವರು ಪುಸ್ತಕದ ಹೆಸರು ತಪ್ಪು ಹೇಳಿದರೆ ನಾವು ‘ಇಲ್ಲ’ ಎಂದು ಕಳಿಸುತ್ತಿರಲಿಲ್ಲ. “ಇದಾ ನೋಡಿ” ಎಂದು ಹತ್ತಿರದ ನಾಲ್ಕು ತೆಗೆದು ಮುಂದಿಡುತ್ತಿದ್ದೆವು. ಯಂತ್ರಕ್ಕೂ ಇದನ್ನು ಕಲಿಸಬಹುದು, ಇದೇನು ಹೊಸ ವಿದ್ಯೆಯಲ್ಲ. ಒಂದೆರಡು ಅಕ್ಷರ ತಪ್ಪಿದ ಹೆಸರುಗಳನ್ನೂ ತೋರಿಸಲಿ. ಹುಡುಕಿದ ಪದಗಳು ಅಕ್ಕಪಕ್ಕದಲ್ಲೇ ಇರುವ ದಾಖಲೆ ಮೊದಲು ಬರಲಿ, ಗಡ್ಡ ಮತ್ತು ಕೆರೆದಂಡೆಯವರು ಆಮೇಲೆ ಬರಲಿ. ಒಂದು ತಿಂಗಳೊಳಗೆ ಇಷ್ಟು ಮಾಡಿಸಿ.

ಏಕೆಂದರೆ ನಾವು ಆಶ್ರಯ ಮನೆಯಿಂದ ಹೊರಡುವಾಗ ಬಾಗಿಲ ಬಳಿ ಒಬ್ಬ ಹೆಂಗಸು ನನ್ನ ಸೆರಗು ಹಿಡಿದು, “ನಮ್ಮೋರೂ ಬತ್ತಾರಾ?” ಎಂದು ಕೇಳಿದರು. ಅಲ್ಲಿನ ದಾಖಲೆ ಪುಸ್ತಕದಲ್ಲಿ ಅವರ ಹೆಸರು ‘ಅಂಸ’ ಎಂದಿದೆ. ಹಂಸಾ ಎಂದು ಒತ್ತಿ, ‘ಯಾವುದೇ ದಾಖಲೆ ಕಂಡುಬಂದಿಲ್ಲ’ ಎಂಬುದನ್ನು ಓದುತ್ತ ಎಲ್ಲೋ ಯಾರೋ ಈಗಲೂ ಕೂತಿರಬಹುದು.

ಇಂತಿ,
ನಿಮ್ಮ ಕಚೇರಿಯ ದೂರು ಸ್ವೀಕೃತಿ ಪತ್ರದಲ್ಲಿ ‘ಚೂಡಮಣೆ’ಯಾಗಿರುವ
ಚೂಡಾಮಣಿ, ಅರೆಕೆರೆ