ಎಡಗಾಲಿನ ಪೆಡಲ್ಲು

ಮಂಗಳವಾರ, ೧೨ ನವೆಂಬರ್

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಚೋಟು ಬರೆಯುತ್ತಿರುವುದು. ಮೊದಲೇ ಹೇಳಿಬಿಡುತ್ತೇನೆ, ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಬರೆದಿರುವುದೆಲ್ಲ ಟೈಲರಕ್ಕನ ಅಂಗಡಿಯ ಅಳತೆ ಪುಸ್ತಕದಲ್ಲಿ. ಸೊಂಟ, ತೋಳು, ಉದ್ದ, ಅಷ್ಟೇ. ಎಲ್ಲಿ ಒತ್ತಕ್ಷರ ಬಿಟ್ಟುಹೋಗಿದೆಯೋ ಅಲ್ಲಿ ನೀನೇ ಸೇರಿಸಿಕೊಂಡು ಓದು. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದೇನೆ, ಅದಕ್ಕೇ ಸಾಲುಗಳು ಬೆಟ್ಟ ಹತ್ತಿ ಇಳಿದ ಹಾಗೆ ಕಾಣುತ್ತಿವೆ. ಹೆಬ್ಬೆರಳಿಗೆ ಏನಾಯಿತು ಎಂಬುದೇ ಈ ಕಾಗದದ ವಿಷಯ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡು ಎಂದು ನೀನು ನಂಬರು ಬರೆದಿದ್ದೆ. ನನ್ನ ಕಥೆ ನಿನಗೆ ಗೊತ್ತಲ್ಲ, ಹಲೋ ಎಂದ ಮೇಲೆ ಮುಂದಿನ ಮಾತೇ ಹೊಳೆಯುವುದಿಲ್ಲ, ಆ ಕಡೆಯವರು ಲೈನ್ ಕಟ್ಟಾಯಿತು ಎಂದು ಇಟ್ಟುಬಿಡುತ್ತಾರೆ. ನೀನು ಬೇಕರಿಯಲ್ಲಿ ಹಿಟ್ಟು ನಾದುತ್ತೀಯ ಎಂದು ಓದಿ ಹೇಳಿದಾಗ ಅಮ್ಮ, "ಇಲ್ಲಿದ್ದಾಗ ಒಂದು ಲೋಟ ತೊಳೆದವನಲ್ಲ" ಎಂದು ನಕ್ಕಳು. ಆಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಸೂಜಿದಾರದ ಡಬ್ಬಿಯಲ್ಲಿ ಇಟ್ಟಳು.

ಅಪ್ಪನ ಎಡಗಾಲು ಹೋದ ವರ್ಷದಷ್ಟು ಕೆಟ್ಟದಾಗಿಲ್ಲ. ಕೋಲು ಹಿಡಿದು ಕಿಟಕಿಯ ತನಕ ಹೋಗುತ್ತಾರೆ. ಆದರೆ ಪಾದ ಇನ್ನೂ ಮಾತು ಕೇಳುವುದಿಲ್ಲ. ಮಂಗಳವಾರ, ಗುರುವಾರ ಅಮ್ಮ ಅವರನ್ನು ಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಾಳೆ. ಕಾಲು ಸರಿಯಿಲ್ಲ, ಬಾಯಿ ಮಾತ್ರ ಮೊದಲಿನ ಹಾಗೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ತುತ್ತೂರಿ ಮಾವ ಬಂದಿದ್ದರು. ಅಪ್ಪನ ಹಳೆಯ ಬ್ಯಾಂಡಿನಲ್ಲಿ ಉಳಿದಿರುವ ನಾಲ್ಕು ಜನ ಡಿಸೆಂಬರ್ ಮೊದಲ ಭಾನುವಾರ ನಮ್ಮ ಮನೆಯಲ್ಲಿ ಸೇರಿ ಒಂದು ಸಲ ಬಾರಿಸೋಣ ಎಂದರು. ಅವರಿಗೂ ಹಲ್ಲು ಬಿದ್ದಿದೆ, ಇನ್ನೊಂದು ಬಿದ್ದರೆ ತುತ್ತೂರಿ ಊದುವುದು ಆಗುವುದಿಲ್ಲವಂತೆ. "ಡ್ರಮ್ಸಿಗೆ ಏನು ಮಾಡೋಣ?" ಎಂದು ಮೆಲ್ಲಗೆ ಕೇಳಿದರು. ಅಪ್ಪ, "ಸೆಟ್ಟು ತಯಾರಿರುತ್ತೆ, ನೀನು ಹಲ್ಲು ನೋಡ್ಕೋ" ಎಂದರು.

ಮಾರನೆಯ ದಿನವೇ ಮೆಟ್ಟಿಲ ಕೆಳಗಿನ ಪೆಟ್ಟಿಗೆಗಳನ್ನೆಲ್ಲ ನಾನು ಎಳೆದೆ. ನೀನು ಮನೆ ಬಿಟ್ಟು ಹೋದ ವಾರವೇ ಅಪ್ಪ ಸೆಟ್ಟನ್ನೆಲ್ಲ ಬಿಚ್ಚಿ ತುಂಬಿಟ್ಟಿದ್ದು, ಮೂರು ವರ್ಷ ಯಾರೂ ಮುಟ್ಟಿರಲಿಲ್ಲ. ಕಾಲಿಗೊಂದರಂತೆ ಪೆಡಲ್ಲು ಒತ್ತಿ ಬಾರಿಸುವ ಆ ದೊಡ್ಡ ಡ್ರಮ್ಮುಗಳೆರಡನ್ನೂ ಮುಂದಿನ ಕೋಣೆಗೆ ಉರುಳಿಸಿ ತಂದ ಮೇಲೆ ಸೋಫಾಕ್ಕೆ ಜಾಗ ಇರಲಿಲ್ಲ, ಅದು ಅಡುಗೆಮನೆಗೆ ಹೋಯಿತು. ಈಗ ಒಲೆಯ ಹತ್ತಿರ ಹೋಗಬೇಕಾದರೆ ಸೋಫಾದ ಮೇಲೆ ಮಂಡಿಯೂರಿ ದಾಟಬೇಕು. "ಡ್ರಮ್ಮು ಒಳಗೆ, ಮನುಷ್ಯರು ಹೊರಗೆ. ಈ ಮನೆ ರೂಲ್ಸೇ ಇದು" ಎಂದಳು ಅಮ್ಮ. ಆಮೇಲೆ ತನ್ನ ಮಾತು ತನಗೇ ಚುಚ್ಚಿ, ಸೋಫಾ ದಾಟಿ ಒಲೆಯ ಹತ್ತಿರ ಹೋದಳು. ಅಪ್ಪ ಕೇಳಿಸದವರ ಹಾಗೆ ಕೋಲಿನ ತುದಿ ಒರೆಸುತ್ತಿದ್ದರು.

ಅಣ್ಣ, ಆ ಸೆಟ್ಟಿಗೆ ನನಗಿಂತ ಹೆಚ್ಚು ವಯಸ್ಸು, ನಿನಗಿಂತಲೂ ಹೆಚ್ಚು. ಒಂದು ತಿರುಪು ಕೂರಿಸಿದರೆ ಇನ್ನೊಂದು ಕೈಗೆ ಬರುತ್ತದೆ. ಎಡ ಡ್ರಮ್ಮಿನ ಅಂಚನ್ನು ಹಿಡಿದುಕೊಳ್ಳುವ ಎಂಟು ಕೊಕ್ಕೆಗಳಲ್ಲಿ ಆರೇ ಸಿಕ್ಕವು. ಹಾರ್ಡ್‌ವೇರ್ ಅಂಗಡಿಯವನಿಗೆ ಒಂದು ನಟ್ಟು ತೋರಿಸಿದರೆ ಬೆಳಕಿಗೆ ಹಿಡಿದು ನೋಡಿ, "ಈ ಥ್ರೆಡ್ಡು ಮಾಡಿದ ಮಿಷನ್ನೂ ಇಲ್ಲ, ಮಾಡಿದವನೂ ಇಲ್ಲ. ಫೋಟೋ ಥರ ಕಟ್ಟು ಹಾಕ್ಸಿ ಗೋಡೆಗೆ ಹಾಕಮ್ಮ" ಎಂದ. ಎಡಗಾಲಿನ ಪೆಡಲ್ಲಿನ ಚರ್ಮದ ಪಟ್ಟಿ ಮುಟ್ಟಿದ ಕೂಡಲೇ ಬಿಸ್ಕತ್ತಿನ ಹಾಗೆ ಮುರಿಯಿತು. ಅಂಗಡಿಯಲ್ಲಿ ಹಳೆಯ ಬ್ಯಾಗಿನ ಹಿಡಿ ಕತ್ತರಿಸಿ ದಪ್ಪ ಸೂಜಿಯಲ್ಲಿ ಮೂರು ಸಲ ಹೊಲಿದು ಹೊಸ ಪಟ್ಟಿ ಹಾಕಿದೆ. ಅಪ್ಪ ಎಳೆದು ನೋಡಿದರು, ಚೆನ್ನಾಗಿದೆ ಎನ್ನಲಿಲ್ಲ, ಕಿತ್ತುಹೋಗುತ್ತದೆ ಎಂದೂ ಅನ್ನಲಿಲ್ಲ. ಡ್ರಮ್ಮಿನ ಮುಂಗಾಲು ಬಿಗಿಯುವಾಗ ಜಾರಿ ಹೆಬ್ಬೆರಳು ಸಿಕ್ಕಿಕೊಂಡಿತು, ಉಗುರು ನೀಲಿಯಾಗಿದೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಅಪ್ಪನ ಬಾಯಿ. ಮೂರು ವಾರದಿಂದ ದಿನಾ ಅಂಗಡಿ ಮುಗಿಸಿ ಬಂದು, ಚಪ್ಪಲಿ ಬಿಡುವ ಮೊದಲೇ ಶುರು. ಅಪ್ಪ ಕುರ್ಚಿಯಲ್ಲಿ ಕೂತು ಕೋಲಿನಲ್ಲಿ ತೋರಿಸುತ್ತಾರೆ.

"ಎಡದ್ದು ಹಿಂದಕ್ಕೆ."

"ಇಷ್ಟಾ?"

"ಹಿಂದಕ್ಕೆ ಅಂದ್ರೆ ಬೀದಿಗೆ ಅಲ್ಲ ಕಣೇ. ಎರಡು ಬೆರಳು."

"ಯಾರ ಬೆರಳು ಅಪ್ಪ?"

"ನನ್ ಬೆರಳು. ನಿನ್ ಬೆರಳಲ್ಲಿ ಅಳೆದ್ರೆ ಮುಂದಿನ ವರ್ಷ ಮುಗಿಯುತ್ತೆ."

ಇಟ್ಟರೆ ಸರಿಯಿಲ್ಲ, ಎತ್ತಿದರೆ ಸರಿಯಿಲ್ಲ. ಒಂದಕ್ಕೊಂದು ಬಡಿಯುವ ಜೋಡಿ ತಟ್ಟೆಯ ಸ್ಟ್ಯಾಂಡಿನ ಕಾಲು ಎಡ ಪೆಡಲ್ಲಿಗೆ ತಾಗುತ್ತದೆ, ತಿರುಗಿಸಿದರೆ ಡ್ರಮ್ಮಿಗೆ ತಾಗುತ್ತದೆ. ಒಂದು ದಿನ ಪೂರ್ತಿ ನಿಲ್ಲಿಸಿದ ಸೆಟ್ಟನ್ನು ನೋಡಿ, "ಇದು ಡ್ರಮ್ ಸೆಟ್ಟಲ್ಲ, ಪಾತ್ರೆ ಅಂಗಡಿ. ಬಿಚ್ಚು" ಎಂದರು. ಬಿಚ್ಚಿದೆ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಸ್ವಲ್ಪ ಹೊತ್ತು ನಿಂತಿದ್ದೆ. ಹೊರಗೆ ಬಂದಾಗ ಅಮ್ಮ ಟವೆಲ್ ಕೊಟ್ಟಳು.

ಕೂತು ಬಾರಿಸುವ ಸ್ಟೂಲಿನ ವಿಷಯದಲ್ಲಂತೂ ನನ್ನ ತಲೆ ಕೆಟ್ಟುಹೋಯಿತು. ಏರಿಸು, ಇನ್ನೂ ಏರಿಸು ಎಂದು ಏರಿಸಿದ್ದೇ ಏರಿಸಿದ್ದು. "ಅಷ್ಟೆತ್ತರ ಕೂತ್ರೆ ನಿಮ್ಮ ಕಾಲು ನೆಲಕ್ಕೆ ಹತ್ತೋದಿಲ್ಲ" ಎಂದರೂ ಕೇಳಲಿಲ್ಲ. ಹೋದ ಗುರುವಾರ ಹಟ ಮಾಡಿ ಕೈ ಹಿಡಿದು ಕೂರಿಸಿದೆ. ಹಿಮ್ಮಡಿ ಎರಡೂ ಗಾಳಿಯಲ್ಲಿ. ಶಾಲೆಯ ಬೆಂಚಿನ ಮೇಲೆ ಕೂತ ಮಗುವಿನ ಹಾಗೆ ಕಂಡರು. "ನೋಡಿ" ಎಂದೆ. "ಸರಿಯಾಗಿದೆ. ಇನ್ನು ಮುಟ್ಟಬೇಡ" ಎಂದು ಇಳಿದುಬಿಟ್ಟರು.

ಮೂರು ವಾರ ಕಷ್ಟಪಟ್ಟು ಕೂರಿಸಿದ್ದು ಯಾರ ಕಾಲಿಗೂ ಸರಿಯಿಲ್ಲದ ಸೆಟ್ಟು ಎಂದು ಸಿಟ್ಟು ಬಂತು. ನಿನ್ನೆ ಅಂಗಡಿಗೆ ಹೋಗುವ ಮೊದಲು ಟೇಪು ತೆಗೆದು ಸ್ಟೂಲಿನಿಂದ ಪೆಡಲ್ಲಿಗೆ, ನೆಲಕ್ಕೆ, ಎಲ್ಲವನ್ನೂ ಅಳೆದುಕೊಂಡೆ. ಲೆಕ್ಕ ಹಾಕಿ ತೋರಿಸಿ ಅಪ್ಪನ ಬಾಯಿ ಮುಚ್ಚಿಸೋಣ ಎಂದಿದ್ದೆ. ಅಪ್ಪನಿಗೆ ಮೊಣಕಾಲಿನಿಂದ ನೆಲಕ್ಕೆ ಹದಿನೇಳು ಇಂಚು, ಅವರ ಪ್ಯಾಂಟು ಹೊಲಿಯುವವಳು ನಾನೇ. ಈ ಸ್ಟೂಲು ಕೇಳುವುದು ಇಪ್ಪತ್ತೂವರೆ ಇಂಚಿನ ಕಾಲು. ಇಪ್ಪತ್ತೂವರೆ ಎಂದಾಗ ಎಲ್ಲೋ ಬರೆದ ನೆನಪಾಯಿತು. ಅಂಗಡಿಯಲ್ಲಿ ಹಳೆಯ ಅಳತೆ ಪುಸ್ತಕ ತೆಗೆದೆ. ಮೂರು ವರ್ಷದ ಹಿಂದೆ ನೀನು ಪ್ಯಾಂಟು ಹೊಲಿಸಿಕೊಂಡೆಯಲ್ಲ, ಬಟ್ಟೆ ಪೆಡಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಮೊಣಕಾಲಿನಿಂದ ಕೆಳಗೆ ಬಿಗಿ ಮಾಡು ಎಂದು. ನನ್ನದೇ ಸೊಟ್ಟ ಅಕ್ಷರ. ಅಣ್ಣ, ಮೊಣಕಾಲಿನಿಂದ ಕೆಳಗೆ, ೨೦½.

ಸಂಜೆ ಮನೆಗೆ ಬಂದು ಅಪ್ಪನ ಮುಂದೆ ನಿಂತೆ. ನಾನು ಅಷ್ಟು ನೇರವಾಗಿ ಅವರ ಹತ್ತಿರ ಯಾವತ್ತೂ ಮಾತಾಡಿದವಳಲ್ಲ. "ಇದು ಅಣ್ಣನ ಅಳತೆ" ಎಂದೆ.

ಅಪ್ಪ ಕಿಟಕಿಯ ಕಡೆ ತಿರುಗಿದರು. ಆಮೇಲೆ, "ಅವತ್ತು ಎಲ್ಲರೆದುರಿಗೆ ಅವನ ಎಡಗಾಲು ಸೋಮಾರಿ ಅಂದೆ" ಎಂದರು. ನನಗೆ ನೆನಪಿತ್ತು. ಸೋಮಾರಿ ಕಾಲಿಗೆ ಎರಡನೇ ಡ್ರಮ್ಮು ಯಾಕೆ ಎಂದಿದ್ದರು, ತುತ್ತೂರಿ ಮಾವ ನಕ್ಕಿದ್ದರು, ನೀನು ಬಾರಿಸುವ ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟು ಎದ್ದುಹೋಗಿದ್ದೆ.

"ಸೆಟ್ಟು ನನ್ನ ಅಳತೆಗಿತ್ತು. ಒಂದು ಕೂದಲೆಳೆ ಸರಿಸೋಕೆ ನಾನು ಬಿಡ್ತಿರಲಿಲ್ಲ. ಅಷ್ಟುದ್ದ ಕಾಲಿನವನು ಮಂಡಿ ಹೊಟ್ಟೆಗೆ ತಾಗಿಸ್ಕೊಂಡು ಹೊಡೀತಿದ್ದ. ಎಡಗಾಲು ಎಲ್ಲಿಂದ ಏಳಬೇಕು? ನನ್ನ ಕಾಲು ಮಾತು ಕೇಳದ ಮೇಲೆ ಗೊತ್ತಾಯ್ತು, ಸೋಮಾರಿ ಕಾಲು ಅಂದ್ರೆ ಯಾವುದು ಅಂತ. ಅವನದ್ದು ಅಲ್ಲ."

ಆಮೇಲೆ ಕೋಲಿನಿಂದ ಸ್ಟೂಲು ತೋರಿಸಿ, "ಸೆಟ್ಟು ತಯಾರಿದೆ ಅಂತ ಬರಿ. ಬಂದ್ರೆ ಬರಲಿ. ನಾನು ಹೇಳಿದೆ ಅಂತ ಬರೀಬೇಡ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ, ಅವರು ಹೇಳಿದರು ಎಂದು ಬರೆಯಬಾರದಂತೆ.

ಡಿಸೆಂಬರ್ ಮೊದಲ ಭಾನುವಾರ. ನಿನಗೆ ರಜೆ ಸಿಗುತ್ತದೋ ಇಲ್ಲವೋ, ಮನಸ್ಸಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬಾ ಎಂದು ಅಮ್ಮನೂ ಹೇಳುತ್ತಿದ್ದಾಳೆ. ಒಲೆಯ ಬಿಸಿಗೆ ಕೈ ಸುಟ್ಟುಕೊಳ್ಳಬೇಡವಂತೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಅವಳ ಆಶೀರ್ವಾದ ನಿನಗೆ ತುಂಬ ಇದೆ, ಹಾಳೆಯಲ್ಲಿ ಜಾಗ ಸ್ವಲ್ಪವೇ ಇದೆ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ತಂಗಿ,
ಚೋಟು

ಮರೆತ ಮಾತು. ಗುರುವಾರ ಬೆಳಿಗ್ಗೆ.

ಕಾಗದ ಅಂಟಿಸಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಒಂದು ಮಾತು ಯಾರಿಗೂ ಹೇಳಿಲ್ಲ. ಹಿಂದೆ ನೀನು, ಅಪ್ಪ ಇಬ್ಬರೂ ಕೆಲಸಕ್ಕೆ ಹೋದ ಮಧ್ಯಾಹ್ನ ನಾನು ಆ ಸೆಟ್ಟಿನ ಮೇಲೆ ಹಳೆಯ ಕಂಬಳಿ ಹೊದಿಸಿ ಬಾರಿಸುತ್ತಿದ್ದೆ. ಒಂದು ದಿನ ಎರಡು ದಿನ ಅಲ್ಲ, ನಾಲ್ಕು ವರ್ಷ. ಅಮ್ಮನಿಗೆ ಗೊತ್ತಿತ್ತು, ಕಿಟಕಿ ಹಾಕಿ ಹೋಗುತ್ತಿದ್ದಳು. ನನ್ನ ಎರಡು ಕಾಲೂ ಸಮವಾಗಿ ಓಡುತ್ತವೆ ಅಣ್ಣ. ನಿನ್ನನ್ನು ಮಡಚಿ ಕೂರಿಸಿದ ಸ್ಟೂಲು ನನಗೆ ಹೇಳಿ ಮಾಡಿಸಿದ ಹಾಗಿತ್ತು. ಅಪ್ಪನಿಗೆ ಹದಿನೇಳು ಇಂಚು, ನನಗೂ ಹದಿನೇಳೇ. ಮೂರು ವಾರ ಅಪ್ಪ ನನ್ನ ಕೈಗಳನ್ನೇ ನೋಡುತ್ತ ಕೂತಿದ್ದರು. ನೀನು ಒಂದು ಸಲ ಕೂತು ನೋಡು ಎಂದು ಒಂದು ದಿನವೂ ಅನ್ನಲಿಲ್ಲ.

ನೀನು ಬರಬೇಡ ಎಂದು ಇದನ್ನು ಬರೆಯುತ್ತಿಲ್ಲ. ಬಾ. ನಿನ್ನ ಅಳತೆಗೆಲ್ಲ ನೆಲದ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ, ಸ್ಟೂಲಿನ ಕಂಬದ ಮೇಲೂ ಹಾಕಿದ್ದೇನೆ. ಈಗ ಅಪ್ಪ ಅಮ್ಮ ವ್ಯಾಯಾಮಕ್ಕೆ ಹೋಗಿದ್ದಾರೆ. ಅವರು ಬೀದಿ ತಿರುಗಿದ ಮೇಲೆ ತಿರುಪು ಸಡಿಲಿಸಿ ಸ್ಟೂಲು ಮೂರೂವರೆ ಇಂಚು ಇಳಿಸಿದೆ, ಪೆಡಲ್ಲುಗಳನ್ನು ಹತ್ತಿರ ಎಳೆದುಕೊಂಡೆ, ಕಂಬಳಿ ಹೊದಿಸದೆ ಬಾರಿಸಿದೆ. ಈಗ ಅವರು ಬರುವ ಹೊತ್ತು. ಸ್ಟೂಲನ್ನು ಮತ್ತೆ ಏರಿಸಿಲ್ಲ.